ಕಾಸೆಲ್‌ನ ಕಾರಂಜಿ, ನಮ್ಮೂರ ಕೆರೆ

ಮಗನನ್ನು ನೋಡಲು ಜರ್ಮನಿಗೆ ಹೋದವನು ಕಾಸೆಲ್‌ನ ಗುಡ್ಡದಿಂದ ಮೆಟ್ಟಿಲು ಮೆಟ್ಟಿಲಾಗಿ ಧುಮುಕುವ ನೀರಿನ ಜೊತೆಗೇ ಇಳಿದೆ. ಕೊನೆಗೆ ಕೊಳದಲ್ಲಿ ಸುಮಾರು 50 ಮೀಟರ್ ಕಾರಂಜಿ! ಪಂಪಿಲ್ಲ, ಮೇಲೆ ಶೇಖರಿಸಿದ ನೀರಿನ ಒತ್ತಡವಷ್ಟೇ. ಎಂಟನೇ ತರಗತಿಯ ಪಾಠವೇ ಎದ್ದು ನಿಂತಂತಿತ್ತು.

ಜಗತ್ತಿನ ನೀರನ್ನು ಲೆಕ್ಕ ಹಾಕುವ 'ವಾಟರ್‌ಗ್ಯಾಪ್' ಎಂಬ ಕಂಪ್ಯೂಟರ್ ಮಾದರಿಯ ಕೆಲಸ 1996ರಲ್ಲಿ ಶುರುವಾದದ್ದು ಇದೇ ಊರಿನ ವಿಶ್ವವಿದ್ಯಾಲಯದಲ್ಲಿ. ಅದರ ಎರಡನೇ ಆವೃತ್ತಿ ನೆಲವನ್ನು ಅರ್ಧ ಡಿಗ್ರಿಯ ಚೌಕಗಳಾಗಿ ವಿಂಗಡಿಸಿ, ಪ್ರತಿ ಚೌಕದ ಮಳೆ, ಆವಿ, ಹರಿವು, ನೀರಾವರಿಗೆ ಎತ್ತಿದ ನೀರು ಎಲ್ಲದರ ಜಮಾ-ಖರ್ಚು ಬರೆಯುತ್ತದೆ. ತಾಪ ಏರಿದರೆ, ಮಳೆ ಬದಲಾದರೆ ಮುಂದೇನು ಎಂದೂ ಕೇಳಬಹುದು.

ನಮ್ಮ ಕಡೆ ಒಂದು ಚೌಕದ ಬದಿ ಸುಮಾರು 55 ಕಿ.ಮೀ. ನಮ್ಮೂರ ಕೆರೆ, ಪಕ್ಕದ ತಾಲ್ಲೂಕಿನ ಬತ್ತಿದ ಬಾವಿ ಎಲ್ಲ ಅದರೊಳಗೆ ಒಟ್ಟು ಲೆಕ್ಕ. ಈಗ ಪ್ರತಿ ಸೋಮವಾರ ನಮ್ಮ ಶಾಲೆಯ ಮಕ್ಕಳು ಕೆರೆಯ ಮಟ್ಟ ಅಳೆದು ಬರೆದಿಡುತ್ತಾರೆ.