ಓರೆಗೆರೆ ಯಾವ ಕಡೆ?

ಮದುವೆಯ ಕರೆಯೋಲೆ ಕೈಗೆ ಬಂದರೆ ಮುಹೂರ್ತ ನೋಡುವ ಮೊದಲು ಕಾಗುಣಿತ ನೋಡುವವರ ಪಂಗಡ ನಮ್ಮದು. ‘ಆಶೀರ್ವಾದ’ದ ಶೀಗೆ ದೀರ್ಘ ಬಿದ್ದಿದೆಯೇ, ‘ಸುಮುಹೂರ್ತ’ದಲ್ಲಿ ಹೂ ಇದೆಯೇ ಹು ಇದೆಯೇ, ಈ ತನಿಖೆ ಮುಗಿದ ಮೇಲೆಯೇ ವರ ಯಾರು, ವಧು ಯಾರು ಎಂಬ ವಿಚಾರ. ಈ ಚಟ ಇರುವವರಿಗೆ ಹೋಟೆಲಿನ ಬೋರ್ಡು, ಬಸ್ಸಿನ ಬೆನ್ನು, ಬ್ಯಾಂಕಿನ ಚಲನ್ ಎಲ್ಲವೂ ಮೇವೇ. ಆದರೆ ಅವೆಲ್ಲ ಕಣ್ಣೆದುರಿನ ತಪ್ಪುಗಳು, ಯಾರು ಬೇಕಾದರೂ ಹಿಡಿಯಬಹುದು. ಹಿಡಿದವನಿಗೆ ದೊಡ್ಡಸ್ತಿಕೆಯೂ ಇಲ್ಲ. ನನಗೆ ನಿಜವಾದ ರುಚಿ ಹತ್ತಿದ್ದು ವೆಬ್ ಪುಟಗಳ ಹಿಂಬದಿ ನೋಡುವುದನ್ನು ಕಲಿತ ಮೇಲೆ. ಯಾವುದೇ ಪುಟ ತೆರೆದು ಕಂಟ್ರೋಲ್ ಮತ್ತು ಯು ಒಟ್ಟಿಗೆ ಒತ್ತಿ. ಬರೆದವರು ಬರೆದದ್ದೆಲ್ಲ ಬರೆದ ಹಾಗೇ ಎದುರಿಗೆ ಬರುತ್ತದೆ. ಮುಂದೆ ತೋರಣ, ಗಣ್ಯರ ಫೋಟೊ, ಸ್ವಾಗತ ಸಂದೇಶ. ಹಿಂದೆ ಮುಚ್ಚದ ಟ್ಯಾಗು, ಅರ್ಧಕ್ಕೇ ನಿಂತ ಉದ್ಧರಣ ಚಿಹ್ನೆ, ಎರಡೆರಡು ಸಲ ಬಂದ ಒಂದೇ ಐಡಿ.

ಗೊತ್ತಿಲ್ಲದವರಿಗೆ ಎರಡು ಮಾತು. ವೆಬ್ ಪುಟ ಬರೆಯುವುದು ಎಚ್‌ಟಿಎಂಎಲ್‌ನಲ್ಲಿ. ದಪ್ಪಕ್ಷರ ಶುರುವಾಗಬೇಕಾದ ಕಡೆ ಕೋನದ ಆವರಣದೊಳಗೆ ಒಂದು ‘ಬಿ’ ಹಾಕಬೇಕು. ಸಾಕೆನಿಸಿದ ಕಡೆ ಹಿಂದೊಂದು ಓರೆಗೆರೆ ಎಳೆದು ಇನ್ನೊಂದು ‘ಬಿ’. ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚಬೇಕು. ಟಿಮ್ ಬರ್ನರ್ಸ್-ಲೀ ಜಿನೀವಾ ಪಕ್ಕದ ಸೆರ್ನ್ ಪ್ರಯೋಗಾಲಯದಿಂದ 1991ರಲ್ಲಿ ಈ ಟ್ಯಾಗುಗಳ ಪಟ್ಟಿಯನ್ನು ಹೊರಗೆ ಬಿಟ್ಟಾಗ ಅದರಲ್ಲಿದ್ದದ್ದು 18 ಮಾತ್ರ. ಹದಿನೆಂಟನ್ನು ನೆನಪಿಟ್ಟುಕೊಂಡು ತೆರೆದು ಮುಚ್ಚುವುದು ಯಾರಿಗೂ ಕಷ್ಟವಲ್ಲ. ಹಾಗಿದ್ದೂ ಜಗತ್ತು ಮುಚ್ಚಲಿಲ್ಲ. ಯಾಕೆಂದರೆ ಮುಚ್ಚದಿದ್ದರೂ ಪುಟ ಕಾಣುತ್ತಿತ್ತು.

ಬಯಲಾಟದಲ್ಲಿ ವೇಷಧಾರಿಗೆ ಮಾತು ತಪ್ಪಿದರೆ ಭಾಗವತರು ತಟ್ಟನೆ ಒಂದು ಪದ್ಯ ಎತ್ತಿಕೊಂಡು, ಮದ್ದಳೆಯವರಿಗೆ ಕಣ್ಣು ಮಾಡಿ, ಸನ್ನಿವೇಶವನ್ನು ದಡ ಸೇರಿಸಿಬಿಡುತ್ತಾರೆ. ನೋಡುವವರಿಗೆ ಎಡವಿದ್ದೇ ತಿಳಿಯುವುದಿಲ್ಲ. ಬ್ರೌಸರು ಮಾಡುವುದೂ ಇದನ್ನೇ. ನೀವು ಮರೆತದ್ದನ್ನು ಅದು ಮುಚ್ಚುತ್ತದೆ, ಅಡ್ಡಾದಿಡ್ಡಿ ತೆರೆದದ್ದನ್ನು ಬಿಡಿಸುತ್ತದೆ, ಕೇಳಿದರೆ ಏನೂ ಆಗೇ ಇಲ್ಲ ಎನ್ನುತ್ತದೆ. ಅಂಥ ಭಾಗವತರು ದಿನವೂ ಸಿಕ್ಕಿದರೆ ವೇಷಧಾರಿ ಪ್ರಸಂಗ ಓದಿಕೊಂಡು ಬರುವುದನ್ನೇ ಬಿಡುತ್ತಾನೆ.

ಎಲ್ಲ ಬ್ರೌಸರುಗಳೂ ಮೊದಲಿಂದ ಹೀಗೆ ದಯಾಮಯಿಗಳಾಗಿರಲಿಲ್ಲ ಅನ್ನಿ. ಹಳೆಯ ನೆಟ್‌ಸ್ಕೇಪಿಗೆ ಟೇಬಲ್ ಟ್ಯಾಗು ಮುಚ್ಚದ ಪುಟ ಕೊಟ್ಟರೆ ಟೇಬಲ್ಲನ್ನು ತೋರಿಸುತ್ತಲೇ ಇರಲಿಲ್ಲ. ಆಗ ಇಡೀ ಪುಟವನ್ನೇ ಟೇಬಲ್ಲಿನೊಳಗೆ ತುಂಬುವ ರೂಢಿ; ಹಾಗಾಗಿ ಸಿಗುತ್ತಿದ್ದದ್ದು ಖಾಲಿ ಪರದೆ. ಅದೇ ಪುಟ ಇಂಟರ್‌ನೆಟ್ ಎಕ್ಸ್‌ಪ್ಲೋರರಿನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಜನ ಬೈದದ್ದು ಯಾರನ್ನು? ಟ್ಯಾಗು ಮುಚ್ಚದವನನ್ನಲ್ಲ, ನೆಟ್‌ಸ್ಕೇಪನ್ನು! ಈ ಪೈಪೋಟಿಯಲ್ಲಿ ಹೆಚ್ಚು ಕ್ಷಮಿಸಿದವನೇ ಗೆದ್ದ. ಇಂಟರ್‌ನೆಟ್ಟಿನ ಹಿರಿಯ ಜಾನ್ ಪೋಸ್ಟೆಲ್ 1980ರಲ್ಲೇ, ಕಳಿಸುವಾಗ ಬಿಗಿಯಾಗಿರಿ, ತೆಗೆದುಕೊಳ್ಳುವಾಗ ಉದಾರವಾಗಿರಿ ಎಂಬ ಅರ್ಥದ ಸಲಹೆ ಕೊಟ್ಟಿದ್ದರು. ವೆಬ್ಬು ಅದರಲ್ಲಿ ಎರಡನೆಯ ಅರ್ಧವನ್ನು ಮಾತ್ರ ಉರು ಹೊಡೆಯಿತು.

ಟೇಬಲ್ಲಿನ ಮಾತು ಬಂದಾಗ ಮಾರ್ಕೀ ನೆನಪಾಗುತ್ತದೆ. ಸರ್ಕಾರಿ ಜಾಲತಾಣದ ಹಣೆಯ ಮೇಲೆ ಬಲದಿಂದ ಎಡಕ್ಕೆ ತೆವಳುವ ಪ್ರಕಟಣೆ ಇದೆಯಲ್ಲ, ನಿಮಗೆ ಬೇಕಾದ ಕೊನೆಯ ದಿನಾಂಕ ಬರುವಷ್ಟರಲ್ಲಿ ಮತ್ತೆ ಮೊದಲಿಂದ ಶುರುವಾಗುತ್ತದಲ್ಲ, ಅದು. ಅದರ ಅವಳಿಯಂತಿದ್ದ ಬ್ಲಿಂಕ್ ಟ್ಯಾಗು ಮಿಣುಕಿ ಮಿಣುಕಿ ಸತ್ತೇಹೋಯಿತು. ಮಾರ್ಕೀ ಸಾಯಲಿಲ್ಲ. ಈಗಿನ ಎಚ್‌ಟಿಎಂಎಲ್ ನಿಯಮಾವಳಿಯಲ್ಲಿ ಅದನ್ನು ಬಳಸಕೂಡದು ಎಂದೂ ಬರೆದಿದೆ, ಯಾರಾದರೂ ಬಳಸಿದರೆ ಬ್ರೌಸರು ಅದನ್ನು ಹೇಗೆ ಓಡಿಸಬೇಕು ಎಂದೂ ವಿವರವಾಗಿ ಬರೆದಿದೆ. ನಿಷೇಧಕ್ಕೆ ಇಷ್ಟು ಒಳ್ಳೆಯ ಆರೈಕೆ ನಮ್ಮ ಪಾನನಿರೋಧ ಕಾಯಿದೆಗಳಿಗೂ ಸಿಕ್ಕಿಲ್ಲ.

ತಪ್ಪು ಹುಡುಕುವ ಕೆಲಸಕ್ಕೆ ಯಂತ್ರಗಳಿವೆ. 1990ರ ದಶಕದ ನಡುವಿನಲ್ಲಿ ಜೆರಾಲ್ಡ್ ಒಸ್ಕೊಬೊಯ್ನಿ ಎಂಬಾತ ತನ್ನ ಪರೀಕ್ಷಕಕ್ಕೆ ‘ಇನ್ನಷ್ಟು ಕನಿಕರದ, ಇನ್ನಷ್ಟು ಮೆದುವಾದ ವ್ಯಾಲಿಡೇಟರ್’ ಎಂಬರ್ಥದ ಹೆಸರಿಟ್ಟ. ಅದಕ್ಕಿಂತ ಮೊದಲಿನವು ಎಷ್ಟು ಗದರುತ್ತಿದ್ದವೋ ಊಹಿಸಿಕೊಳ್ಳಿ. ಮುಂದೆ ಅದೇ ವೆಬ್ಬಿನ ನಿಯಮ ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಅಧಿಕೃತ ವ್ಯಾಲಿಡೇಟರ್ ಆಯಿತು. ಪಾಸಾದ ಪುಟದ ಮೂಲೆಯಲ್ಲಿ ಒಂದು ಪುಟ್ಟ ಬ್ಯಾಡ್ಜು ಅಂಟಿಸಿಕೊಳ್ಳಬಹುದಿತ್ತು. ಬ್ಯಾಡ್ಜು ಅಂಟಿಸಿದ ಮೇಲೆ ಪುಟವನ್ನು ಇನ್ನೊಂದು ಸಲ ತಿದ್ದಿ ಕೆಡಿಸಿದರೂ ಬ್ಯಾಡ್ಜು ಮಾತ್ರ ಹಾಗೇ ಉಳಿಯುತ್ತಿತ್ತು. ನಮ್ಮ ಪಂಗಡದವರಿಗೆ ಬಹಳ ಖುಷಿ ಕೊಟ್ಟ ಬೇಟೆ ಅದು: ಬ್ಯಾಡ್ಜಿನ ಮೇಲೆಯೇ ಕ್ಲಿಕ್ ಮಾಡಿದರೆ ಕೆಂಪಕ್ಷರದಲ್ಲಿ ಫೇಲು!

ವ್ಯಾಲಿಡೇಟರ್ ಕೊಡುವ ವರದಿಯನ್ನು ಓದಲೂ ಒಂದು ಹದ ಬೇಕು. ಹೊಸಬರು ಐವತ್ತು ತಪ್ಪಿನ ಪಟ್ಟಿ ನೋಡಿ ಕೆಳಗಿನಿಂದ ತಿದ್ದಲು ಕೂರುತ್ತಾರೆ. ತಿದ್ದಬೇಕಾದದ್ದು ಎಲ್ಲಕ್ಕಿಂತ ಮೇಲಿನದನ್ನು, ಅದೊಂದನ್ನೇ. ಆಮೇಲೆ ಮತ್ತೆ ಪರೀಕ್ಷೆಗೆ ಹಾಕಬೇಕು. ಎಷ್ಟೋ ಸಲ ಉಳಿದ ನಲವತ್ತೊಂಬತ್ತೂ ಹೇಳಹೆಸರಿಲ್ಲದೆ ಹೋಗಿರುತ್ತವೆ. ಒಂದು ಉದ್ಧರಣ ಚಿಹ್ನೆ ಮುಚ್ಚದಿದ್ದರೆ ಅಲ್ಲಿಂದ ಮುಂದಿನ ಉದ್ಧರಣ ಚಿಹ್ನೆ ಸಿಗುವ ತನಕ ಇದ್ದಬದ್ದ ಪಠ್ಯವೆಲ್ಲ ಅದರ ಹೊಟ್ಟೆಗೆ ಹೋಗಿ, ಆಮೇಲಿನದೆಲ್ಲ ತಿರುವುಮುರುವಾಗುತ್ತದೆ. ಇನ್ನೊಂದು ವಿಷಯ: ವರದಿಯಲ್ಲಿ ಕೊಡುವ ಸಾಲಿನ ಸಂಖ್ಯೆ ತಪ್ಪು ಗಮನಕ್ಕೆ ಬಂದ ಜಾಗದ್ದು, ತಪ್ಪು ನಡೆದ ಜಾಗದ್ದಲ್ಲ. 12ನೇ ಸಾಲಿನಲ್ಲಿ ಮರೆತದ್ದಕ್ಕೆ 340ನೇ ಸಾಲಿನಲ್ಲಿ ಕೂಗು ಏಳಬಹುದು. ಹಾಗೆಂದು ಮುಚ್ಚದ ಟ್ಯಾಗೆಲ್ಲ ತಪ್ಪೂ ಅಲ್ಲ. ಪ್ಯಾರಾಗ್ರಾಫಿನ ‘ಪಿ’ಯನ್ನು, ಪಟ್ಟಿಯ ‘ಎಲ್‌ಐ’ಯನ್ನು ಮುಚ್ಚದೆ ಬಿಡಲು ಎಚ್‌ಟಿಎಂಎಲ್ಲೇ ಪರವಾನಗಿ ಕೊಟ್ಟಿದೆ. ಇದು ತಿಳಿಯದೆ ಗದರುವ ಮೇಷ್ಟರು ಬಹಳ ಮಂದಿ ಇದ್ದಾರೆ.

ನಮ್ಮಕ್ಕನ ಮಗ ಊರ ದೇವಸ್ಥಾನಕ್ಕೆ ಒಂದು ವೆಬ್‌ಸೈಟು ಮಾಡಿಕೊಟ್ಟಿದ್ದ. ಅದರಲ್ಲಿ ಜೀರ್ಣೋದ್ಧಾರಕ್ಕೆ ಕಾಣಿಕೆ ಕೊಟ್ಟವರ ಪಟ್ಟಿ. ಎಲ್ಲರಿಗಿಂತ ಹೆಚ್ಚು ಕೊಟ್ಟವರ ಹೆಸರು ಮೇಲೆ, ದಪ್ಪಕ್ಷರದಲ್ಲಿ. ಮಿಕ್ಕವರದು ಸಾದಾ. ಆದರೆ ಪುಟದಲ್ಲಿ ಎಲ್ಲರ ಹೆಸರೂ ದಪ್ಪ. ನೂರೊಂದು ರೂಪಾಯಿ ಕೊಟ್ಟವರಿಂದ ಹಿಡಿದು ಕೆಳಗಿನ ಸಮಿತಿಯ ಫೋನ್ ನಂಬರಿನ ತನಕ.

“ಮಾವ, ಇನ್‌ಸ್ಪೆಕ್ಟ್ ಮಾಡಿ ನೋಡಿದೆ. ಎಲ್ಲಾ ಟ್ಯಾಗೂ ಕ್ಲೋಸ್ ಆಗಿದೆ” ಎಂದ.

“ಅದು ಬ್ರೌಸರು ಮುಚ್ಚಿದ್ದು ಕಣೋ, ನೀನು ಮುಚ್ಚಿದ್ದಲ್ಲ. ಸೋರ್ಸ್ ತೆಗಿ.”

ಇನ್‌ಸ್ಪೆಕ್ಟ್‌ನಲ್ಲಿ ಕಾಣುವುದು ಬ್ರೌಸರು ರಿಪೇರಿ ಮಾಡಿಟ್ಟುಕೊಂಡ ಪುಟ. ನೀವು ಬರೆದದ್ದನ್ನು ನೋಡಬೇಕಾದರೆ ಸೋರ್ಸಿಗೇ ಹೋಗಬೇಕು. ಫೈರ್‌ಫಾಕ್ಸ್ ಆದರೆ ಅಲ್ಲಿ ತಪ್ಪಿದ ಟ್ಯಾಗುಗಳನ್ನು ಕೆಂಪಗೆ ಮಾಡಿಯೂ ತೋರಿಸುತ್ತದೆ. ತೆಗೆದು ನೋಡಿದರೆ, ಮುಚ್ಚುವ ಟ್ಯಾಗಿನಲ್ಲಿ ಹುಡುಗ ಓರೆಗೆರೆಯನ್ನು ‘ಬಿ’ಗಿಂತ ಮೊದಲು ಹಾಕುವ ಬದಲು ಆಮೇಲೆ ಹಾಕಿದ್ದ. ಅಲ್ಲಿ ಓರೆಗೆರೆಗೆ ಬೆಲೆಯಿಲ್ಲ. ಬ್ರೌಸರು ಅದನ್ನು ಕಡೆಗಣಿಸಿ ಇನ್ನೊಂದು ದಪ್ಪಕ್ಷರ ಶುರುವಾಯಿತು ಎಂದೇ ಲೆಕ್ಕ ಹಿಡಿಯುತ್ತದೆ. ಮುಂದೆ ಎಷ್ಟು ಸಾಲು ಬದಲಾದರೂ ದಪ್ಪವನ್ನು ಹೊತ್ತುಕೊಂಡೇ ಹೋಗುತ್ತದೆ. ತಿದ್ದಿದ್ದಾಯಿತು. ಮಾರನೆಯ ವಾರ ಸಮಿತಿಗೆ ದೂರು: “ಮೊದಲು ನಮ್ಮ ಹೆಸರು ದಪ್ಪ ಇತ್ತು, ಈಗ ಯಾಕೆ ತೆಳ್ಳಗಾಗಿದೆ?” ತಪ್ಪಿದ್ದಷ್ಟು ದಿನ ಒಬ್ಬರೂ ಬಾಯಿಬಿಟ್ಟಿರಲಿಲ್ಲ.

ಇದೇ ದೂರು ದೊಡ್ಡ ಪ್ರಮಾಣದಲ್ಲಿ ವಿಕಿಪೀಡಿಯಾದಲ್ಲೂ ಬಂದದ್ದುಂಟು. ಅಲ್ಲಿನ ಚರ್ಚಾಪುಟಗಳಲ್ಲಿ ಬರೆದವರು ಕೆಳಗೆ ಸಹಿ ಹಾಕುತ್ತಾರೆ. ಕೆಲವರಿಗೆ ಸಹಿಯನ್ನು ಬಣ್ಣಬಣ್ಣ ಮಾಡುವ ಆಸೆ. ಫಾಂಟ್ ಟ್ಯಾಗು ತೆರೆದು, ಬಣ್ಣ ಕೊಟ್ಟು, ಮುಚ್ಚದೆ ಹೋಗುತ್ತಿದ್ದರು. ಆದರೂ ಪುಟ ಬಣ್ಣಗೆಡುತ್ತಿರಲಿಲ್ಲ, ಏಕೆಂದರೆ ತೆರೆಮರೆಯಲ್ಲಿ ಟೈಡಿ ಎಂಬ ತಂತ್ರಾಂಶ ಎಲ್ಲವನ್ನೂ ಒರೆಸಿ ಕೊಡುತ್ತಿತ್ತು. ಡೇವ್ ರ‍್ಯಾಗೆಟ್ ಡಬ್ಲ್ಯು3ಸಿಯಲ್ಲಿದ್ದಾಗ ಬರೆದದ್ದು ಅದು. 2018ರಲ್ಲಿ ವಿಕಿಪೀಡಿಯಾಗಳು ಟೈಡಿಯನ್ನು ಬಿಟ್ಟು ಎಚ್‌ಟಿಎಂಎಲ್5ರ ನಿಯಮ ಪಾಲಿಸುವ ಹೊಸ ವ್ಯವಸ್ಥೆಗೆ ಹೋದವು. ಆಗ ಶುರುವಾಯಿತು ನೋಡಿ. ಯಾವನೋ ವರ್ಷಗಳ ಹಿಂದೆ ‘ಸ್ಮಾಲ್’ ಮುಚ್ಚದೆ ಹೋಗಿದ್ದರೆ ಅವನ ನಂತರ ಮಾತಾಡಿದವರೆಲ್ಲ ಕುಬ್ಜರು. ಲಿಂಕಿನ ಹೊರಗೆ ಬಣ್ಣ ಸುತ್ತಿದವರ ಹೆಸರುಗಳು ಬಣ್ಣ ಕಳೆದುಕೊಂಡವು. ಟೈಡಿ ಆ ಬಣ್ಣವನ್ನು ಎತ್ತಿ ಲಿಂಕಿನ ಒಳಗಿಡುತ್ತಿತ್ತು, ನಿಯಮ ಹಾಗೆ ಇಡುವುದಿಲ್ಲ. ಇಂಥ ತಪ್ಪುಗಳನ್ನು ಬಗೆಬಗೆಯಾಗಿ ಪಟ್ಟಿ ಮಾಡುವ ವಿಶೇಷ ಪುಟ ಪ್ರತಿ ವಿಕಿಪೀಡಿಯಾದಲ್ಲೂ ಇದೆ, 2003ರಲ್ಲಿ ಶುರುವಾದ ನಮ್ಮ ಕನ್ನಡದ್ದರಲ್ಲೂ. ಸಂಬಳವಿಲ್ಲದೆ, ಹೊಗಳಿಕೆಯಿಲ್ಲದೆ, ಇನ್ಯಾರದೋ ಹಳೆಯ ಸಹಿಗೆ ಮುಚ್ಚುವ ಟ್ಯಾಗು ಸೇರಿಸುತ್ತ ಕೂರುವ ಸ್ವಯಂಸೇವಕರಿದ್ದಾರೆ. ನನ್ನ ಪಂಗಡದ ಸಾತ್ವಿಕ ಶಾಖೆ ಅದು.

ಕಟ್ಟುನಿಟ್ಟು ತರಲು ಯಾರೂ ಪ್ರಯತ್ನಿಸಲಿಲ್ಲವೇ? ಪ್ರಯತ್ನಿಸಿದರು. 2000ದ ಜನವರಿಯಲ್ಲಿ ಎಕ್ಸ್‌ಎಚ್‌ಟಿಎಂಎಲ್ ಬಂತು. ಅದರ ಪ್ರಕಾರ ಒಂದೇ ಒಂದು ಟ್ಯಾಗು ತಪ್ಪಿದರೂ ಪುಟವೇ ಇಲ್ಲ. ಫೈರ್‌ಫಾಕ್ಸಿನಲ್ಲಿ ಹಳದಿ ಪರದೆಯ ಮೇಲೆ ಕೆಂಪಕ್ಷರದ ಛೀಮಾರಿ. ಪುಟ ಬರೆಯುವವರು ಇದಕ್ಕೊಂದು ಉಪಾಯ ಕಂಡುಕೊಂಡರು. ಬರೆಯುವುದು ಎಕ್ಸ್‌ಎಚ್‌ಟಿಎಂಎಲ್ ಎಂದು, ಸರ್ವರಿನಿಂದ ಕಳಿಸುವುದು ಮಾಮೂಲಿ ಎಚ್‌ಟಿಎಂಎಲ್ ಎಂದು. ಬ್ರೌಸರು ಮಾಮೂಲಿನಂತೆ ಕ್ಷಮಿಸಿತು. ಇತ್ತ 2004ರಲ್ಲಿ ಆಪಲ್, ಮೊಜಿಲ್ಲಾ, ಒಪೆರಾದವರು ಸೇರಿ ವಾಟ್‌ವಿಜಿ ಎಂಬ ಬೇರೆ ಗುಂಪು ಕಟ್ಟಿ ತಲೆಕೆಳಗಾದ ದಾರಿ ಹಿಡಿದರು. ತಪ್ಪನ್ನು ನಿಲ್ಲಿಸುವುದು ಬೇಡ. ತಪ್ಪಾದಾಗ ಎಲ್ಲ ಬ್ರೌಸರುಗಳೂ ಒಂದೇ ರೀತಿ ಸರಿಮಾಡಲಿ, ಆ ರೀತಿಯನ್ನೇ ನಿಯಮವಾಗಿ ಬರೆದಿಡೋಣ. 2009ರಲ್ಲಿ ಎಕ್ಸ್‌ಎಚ್‌ಟಿಎಂಎಲ್‌ನ ಎರಡನೆಯ ಆವೃತ್ತಿಯನ್ನು ಡಬ್ಲ್ಯು3ಸಿ ಕೈಬಿಟ್ಟಿತು, 2014ರಲ್ಲಿ ಎಚ್‌ಟಿಎಂಎಲ್5 ಅಧಿಕೃತವಾಯಿತು.

ಆ ನಿಯಮಾವಳಿ ಓದಲು ಸೊಗಸು. ದಪ್ಪದೊಳಗೆ ಓರೆಯಕ್ಷರ ತೆರೆದು ಓರೆಗಿಂತ ಮೊದಲೇ ದಪ್ಪ ಮುಚ್ಚಿದವರಿಗಾಗಿ ಒಂದು ದತ್ತು ಕೇಂದ್ರದ ವಿಧಾನವಿದೆ. ಟೇಬಲ್ಲಿನ ಕೋಣೆಯೊಳಗಿರದೆ ಅಲೆಯುವ ಪಠ್ಯವನ್ನು ಎತ್ತಿ ಟೇಬಲ್ಲಿನ ಮುಂದೆ ಇಡುವುದಕ್ಕೆ ಸಾಕುತಾಯಿತಂದೆಯರ ಏರ್ಪಾಡಿದೆ. ಚಿತ್ರಕ್ಕೆ ‘ಐಎಂಜಿ’ ಎನ್ನುವ ಬದಲು ಯಾರಾದರೂ ‘ಇಮೇಜ್’ ಎಂದು ಬರೆದರೆ ಅದನ್ನು ಐಎಂಜಿ ಎಂದೇ ತಿಳಿಯಬೇಕು ಎಂದು ಹೇಳಿ, ಪಕ್ಕದಲ್ಲಿ ಆವರಣದೊಳಗೆ ‘ಕೇಳಬೇಡಿ’ ಎಂದು ಬರೆದಿದ್ದಾರೆ. ಜಗತ್ತಿನ ಬ್ರೌಸರುಗಳೆಲ್ಲ ಪಾಲಿಸುವ ದಸ್ತಾವೇಜಿನಲ್ಲಿ! ರಿಪೇರಿ ಎಷ್ಟು ಒಂದೇ ಸಮವಾಯಿತೆಂದರೆ, ವೆಬ್ಬನ್ನು ಅಂಗವಿಕಲರಿಗೆ ಸುಗಮಗೊಳಿಸುವ ಸೂತ್ರಗಳಲ್ಲಿ 2008ರಿಂದ ಇದ್ದ ‘ಟ್ಯಾಗು ಸರಿಯಾಗಿ ಮುಚ್ಚಿರಬೇಕು’ ಎಂಬ ಅಂಶವನ್ನು 2023ರ ಆವೃತ್ತಿಯಲ್ಲಿ ಅನಗತ್ಯವೆಂದು ತೆಗೆದೇ ಹಾಕಿದರು.

ಔದಾರ್ಯಕ್ಕೆ ದಂಡ ತೆತ್ತದ್ದೂ ಇದೆ. 2005ರ ಅಕ್ಟೋಬರಿನಲ್ಲಿ ಸ್ಯಾಮಿ ಕಾಮ್ಕರ್ ಎಂಬ ಹುಡುಗ ಮೈಸ್ಪೇಸ್ ತಾಣದ ತನ್ನ ಪುಟದಲ್ಲಿ ಒಂದು ತುಂಟ ಕೋಡು ಬರೆದಿಟ್ಟ. ‘ಜಾವಾಸ್ಕ್ರಿಪ್ಟ್’ ಎಂಬ ಪದ ಕಂಡರೆ ಕತ್ತರಿಸುವ ಜರಡಿ ಮೈಸ್ಪೇಸಿನಲ್ಲಿತ್ತು. ಅವನು ‘ಜಾವಾ’ ಒಂದು ಸಾಲಿನಲ್ಲಿ, ‘ಸ್ಕ್ರಿಪ್ಟ್’ ಮುಂದಿನ ಸಾಲಿನಲ್ಲಿ ಬರೆದ. ಜರಡಿಗೆ ಅದು ಕಾಣಲಿಲ್ಲ. ಕೆಲವು ಬ್ರೌಸರುಗಳು ಮಾತ್ರ ಪಾಪ ಏನೋ ತಪ್ಪಿ ಸಾಲು ಮುರಿದಿದ್ದಾನೆಂದು ಜೋಡಿಸಿ ಓಡಿಸಿದವು. ಒಂದು ದಿನ ಕಳೆಯುವುದರೊಳಗೆ ಹತ್ತು ಲಕ್ಷಕ್ಕೂ ಹೆಚ್ಚು ಮಂದಿಯ ಖಾತೆಯಿಂದ ಅವನಿಗೆ ಸ್ನೇಹದ ಕೋರಿಕೆ ಹೋಗಿತ್ತು.

ಕನ್ನಡದ ಪುಟಗಳ ತಪ್ಪಿಗೆ ಅದರದೇ ಛಂದಸ್ಸಿದೆ. ಅಕ್ಷರಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮ ಒಂದೊಂದು ಗುರುತಿಗೂ ಮೂರು ಬೈಟು. ಪುಟದ ತಲೆಯಲ್ಲಿ ಈ ಪದ್ಧತಿಯನ್ನು ತಿಳಿಸದೆ ಬಿಟ್ಟು, ಬ್ರೌಸರು ಪಶ್ಚಿಮ ಯುರೋಪಿನ ಬರಹವೆಂದು ಭಾವಿಸಿದರೆ, ಕನ್ನಡದ ಬದಲು ನೆತ್ತಿಯ ಮೇಲೆ ಗೆರೆಯಿರುವ ರೋಮನ್ ‘ಎ’ಗಳ ಮೆರವಣಿಗೆ. ಪ್ರತಿ ‘ಎ’ಯ ಪಕ್ಕ ಒಂದು ಪುಟ್ಟ ಎರಡು ಅಥವಾ ಮೂರು. ಸ್ವರ, ವ್ಯಂಜನ, ಇ-ಕಾರದ ಗುಡಿಸಿನ ತನಕ ಎರಡು; ಈ-ಕಾರದಿಂದಾಚೆಗೆ ಕೊಂಬು, ಏತ್ವ, ಓತ್ವ, ಒತ್ತಕ್ಷರ ಹುಟ್ಟಿಸುವ ಹಲಂತ ಎಲ್ಲಕ್ಕೂ ಮೂರು. ಮೂರುಗಳು ದಟ್ಟವಾಗಿದ್ದರೆ ಪಂಡಿತರ ಸಂಸ್ಕೃತಭೂಯಿಷ್ಠ ಗದ್ಯವಿರಬೇಕೆಂದು ಓದದೆಯೂ ಊಹಿಸಬಹುದು. ಇನ್ನು ಯುನಿಕೋಡಿಗಿಂತ ಹಿಂದಿನ ಪುಟಗಳಲ್ಲಿ ಕನ್ನಡ ಇರುವುದೇ ಫಾಂಟ್ ಟ್ಯಾಗಿನ ಕೃಪೆಯಿಂದ. ಒಳಗಿರುವುದು ರೋಮನ್ ಕಲಸುಮೇಲೋಗರ, ಅದಕ್ಕೆ ಕನ್ನಡದ ಅಂಗಿ ತೊಡಿಸುವುದು ಫಾಂಟು. ವ್ಯಾಲಿಡೇಟರ್ ಹೇಳಿತೆಂದು ಹಳತಾದ ಫಾಂಟ್ ಟ್ಯಾಗನ್ನು ಕಿತ್ತರೆ ಪುಟ ಶುದ್ಧವಾಗುತ್ತದೆ, ಕನ್ನಡ ಹೋಗಿರುತ್ತದೆ.

ನನಗೆ ಈಚೆಗೆ ಟ್ಯಾಗು ಮುಚ್ಚದವರ ಮೇಲೆ ಸಿಟ್ಟು ಉಳಿದಿಲ್ಲ. ಬ್ರೌಸರು ನೋಡಿಕೊಳ್ಳುತ್ತದೆ. ನೋಡಿಕೊಳ್ಳಲಾಗದ್ದು ಬೇರೆಯಿದೆ. ಪುಟದ ಮೊದಲ ಸಾಲಿನಲ್ಲಿ ಭಾಷೆ ಯಾವುದೆಂದು ಎರಡಕ್ಷರದ ಸಂಕೇತದಲ್ಲಿ ಹೇಳಬೇಕು. ಕನ್ನಡಕ್ಕೆ ‘ಕೆ-ಎನ್’. ಆದರೆ ನಮ್ಮವರು ಗಾಡಿಯ ನಂಬರ್ ಪ್ಲೇಟು ನೆನೆದು ‘ಕೆ-ಎ’ ಎಂದು ಬರೆದುಬಿಡುತ್ತಾರೆ. ಭಾಷೆಗಳ ಪಟ್ಟಿಯಲ್ಲಿ ‘ಕೆ-ಎ’ ಎಂದರೆ ಜಾರ್ಜಿಯನ್, ಕಾಕಸಸ್ ಬೆಟ್ಟಗಳ ಕಡೆಯ ನುಡಿ. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ತಂತ್ರಾಂಶಗಳು ಆ ಸಂಕೇತ ನೋಡಿಯೇ ದನಿ ಆರಿಸಿಕೊಳ್ಳುವುದು. ಟ್ಯಾಗೂ ಸರಿ, ಉದ್ಧರಣ ಚಿಹ್ನೆಯೂ ಸರಿ, ‘ಕೆ-ಎ’ ಕೂಡ ಒಪ್ಪಿತ ಸಂಕೇತವೇ. ಮಾರ್ಕಪ್ಪಿನ ಲೆಕ್ಕದಲ್ಲಿ ಎಲ್ಲೂ ತಪ್ಪಿಲ್ಲ. ಅಂಥದ್ದೊಂದು ತಾಣ ಕಂಡು ಅವರಿಗೆ ವಿವರವಾಗಿ ಬರೆದೆ. ಉತ್ತರ ಬೇಗನೆ ಬಂತು: “ಧನ್ಯವಾದ ಸಾರ್. ಚೆಕ್ ಮಾಡಿದೆವು. ನಮ್ಮಲ್ಲಿ ಪೇಜ್ ಸರಿಯಾಗಿಯೇ ಓಪನ್ ಆಗುತ್ತಿದೆ. ನೀವೊಮ್ಮೆ ಮೊಬೈಲ್ ರೀಸ್ಟಾರ್ಟ್ ಮಾಡಿ ನೋಡಿ.”