ಹೊಳೆಯ ಕಡೆಯಿಂದ ಊರಿಗೆ

ಊರು ನೋಡುವುದೂ ಒಂದು ಕಸುಬೇ. ಅದನ್ನು ಕೈಗೂಡಿಸಿಕೊಳ್ಳಲು ಭೀಮಾ ದಂಡೆ ಸಾಕು. ನನ್ನ ವಾದವಿಷ್ಟು: ದಂಡೆಯ ಊರನ್ನು ಡಾಂಬರು ರಸ್ತೆಯಿಂದಲ್ಲ, ಹೊಳೆಯ ಕಡೆಯಿಂದ ಹೊಗಬೇಕು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವನ್ನೇ ನೋಡಿ. ಬಸ್ಸಿಳಿದು ನೇರ ದತ್ತನ ಗುಡಿಗೆ ನಡೆದು, ನಿರ್ಗುಣ ಪಾದುಕೆಗೆ ಕೈಮುಗಿದು ಹೊರಟವರಿಗೆ ಪೇಟೆ ಬರೀ ತೆಂಗಿನಕಾಯಿ ಅಂಗಡಿಗಳ ಸಾಲು. ಆಳಂದ ಸೀಮೆಯಿಂದ ಇಳಿದು ಬರುವ ಅಮರ್ಜಾ ಭೀಮೆಯನ್ನು ಕೂಡುವ ಸಂಗಮದಿಂದ ಶುರು ಮಾಡಿದರೆ ಅದೇ ಪೇಟೆಯ ಲೆಕ್ಕ ತಿಳಿಯುತ್ತದೆ. ಮೊದಲು ಸ್ನಾನ, ಔದುಂಬರದ ಕೆಳಗೆ ಗುರುಚರಿತ್ರೆಯ ಪಾರಾಯಣ, ಆಮೇಲೆ ಊರು. ಮಹಾರಾಷ್ಟ್ರದಿಂದ ಬರುವ ಯಾತ್ರಿಕರ ಈ ಕ್ರಮಕ್ಕೆ ತಕ್ಕಂತೆಯೇ ಅಂಗಡಿಗಳು ಕೂತಿವೆ; ಮರಾಠಿ ಪೋಥಿಗಳು ಇಲ್ಲಿ ಸುಮ್ಮನೆ ಬಂದವಲ್ಲ. ಭಕ್ತಿಗೆ ಬಂದವರಿಗೆ ಊರು ಸುತ್ತುವ ಉಸಾಬರಿ ಯಾಕೆ ಎನ್ನಬಹುದು. ಆದರೆ ಇಲ್ಲಿನ ವ್ರತವೇ ಸುತ್ತಿಸುತ್ತದಲ್ಲ! ಮಧ್ಯಾಹ್ನ ಜೋಳಿಗೆ ಹಿಡಿದು ಐದು ಮನೆಯಾದರೂ ಮಧುಕರಿ ಬೇಡದೆ ಯಾತ್ರೆ ಮುಗಿಯದು. ದತ್ತನೇ ಆ ಹೊತ್ತಿಗೆ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ ಇರುವಾಗ, ಓಣಿ ನೋಡದೆ ಹೋಗುವವನೇ ಅರೆಭಕ್ತ.

ಬೇಸಿಗೆಯಲ್ಲಿ ಹೊಳೆಯೇ ಬತ್ತುತ್ತದೆ, ನೋಡುವುದೇನು ಎಂಬ ತಕರಾರು ಅಷ್ಟು ಗಟ್ಟಿಯದಲ್ಲ. ಮೇಲೆ ಉಜನಿ ಅಣೆಕಟ್ಟು, ಇಲ್ಲೇ ಸೊನ್ನ ಬ್ಯಾರೇಜು. ಬತ್ತಿದ ಪಾತ್ರಕ್ಕೂ ಕಾರಣಗಳಿವೆ. 2020ರ ಅಕ್ಟೋಬರಿನಲ್ಲಿ ಅಫಜಲಪುರ, ಜೇವರ್ಗಿಯ ಹಳ್ಳಿಗಳಿಗೆ ನುಗ್ಗಿದ್ದೂ ಇದೇ ಭೀಮೆ. ಗಟ್ಟಿ ತಕರಾರು ಬೇರೆಯಿದೆ: ಹೊಳೆಯೇ ಊರನ್ನು ಸಾಕುವುದಾದರೆ, ಕಲಬುರಗಿಯಿಂದ ಜೇವರ್ಗಿಗೆ ಹೋಗುವ ಹಾದಿಯ ಫಿರೋಜಾಬಾದ್ ಯಾಕೆ ಪಾಳುಬಿತ್ತು? ಬಹಮನಿ ಸುಲ್ತಾನ ಫಿರೋಜ್ ಶಾಹ್ ಅಗಲ ಬೀದಿಗಳ ಪಟ್ಟಣ ಹಾಕಿಸಿ, ದಂಡೆಯ ಜಾಗವನ್ನು ಮಾತ್ರ ಅರಮನೆಗಳಿಗೆ ಇಟ್ಟುಕೊಂಡ. 1422ರಲ್ಲಿ ಅವನು ಹೋದ. ತಮ್ಮ ಅಹ್ಮದ್ ಶಾಹ್ ರಾಜಧಾನಿಯನ್ನು ಬೀದರಿಗೆ ಒಯ್ದ. ದೊರೆ ಹೋದ ಮೇಲೆ ಆ ದಂಡೆಗೆ ಬರಲು ಯಾರಿಗೂ ಕೆಲಸವಿರಲಿಲ್ಲ ಎಂದೇ ನನ್ನ ಊಹೆ. ಕೋಟೆಯಿಲ್ಲದ ಗಾಣಗಾಪುರಕ್ಕೆ ಜನ ಇವತ್ತಿಗೂ ಬರುತ್ತಾರೆ.

ಹೊಳೆಗುಂಟ ಇನ್ನೂ ಕೆಳಗಿಳಿದರೆ ಸನ್ನತಿ. ಅದು ಚಿತ್ತಾಪುರ ತಾಲ್ಲೂಕು ಎನ್ನುವವರಿಗೆ ಉತ್ತರ, ಭೀಮೆ ತಾಲ್ಲೂಕಿನ ಗಡಿ ಕೇಳಿ ಹರಿಯುವುದಿಲ್ಲ. 1980ರ ದಶಕದಲ್ಲಿ ಚಂದ್ರಲಾಂಬಾ ಗುಡಿಯ ಆವರಣದಲ್ಲಿ ಕಾಳಿಯ ಪೀಠವಾಗಿದ್ದ ಕಲ್ಲಿನ ಮೇಲೆ ಅಶೋಕನ ಶಾಸನ ಸಿಕ್ಕಿತು. ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ ಅವನ ಹೆಸರು ಕೆತ್ತಿದ ಚಿತ್ರಶಿಲ್ಪವೇ ಇದೆ. ರಸ್ತೆಯಿಂದ ಬಂದವರು ಗಾಣಗಾಪುರವನ್ನು ದತ್ತನ ಖಾತೆಗೆ, ಫಿರೋಜಾಬಾದನ್ನು ಸುಲ್ತಾನರ ಖಾತೆಗೆ, ಸನ್ನತಿಯನ್ನು ಬುದ್ಧನ ಖಾತೆಗೆ ಬರೆದುಕೊಳ್ಳುತ್ತಾರೆ. ಮೂರೂ ಒಂದೇ ನೀರಿಗೆ ಬಂದ ಜನರ ಊರುಗಳು ಎಂಬುದು ದಂಡೆ ಹಿಡಿದವರಿಗೆ ಮಾತ್ರ ಕಾಣುತ್ತದೆ.