ಆಗುಂಬೆ ಘಾಟಿಯಲ್ಲಿ ಹಳೇ ವ್ಯಾಗನ್

ಸೋಮೇಶ್ವರದಿಂದ ಆಗುಂಬೆಗೆ ಹತ್ತಲು 14 ಹೇರ್‌ಪಿನ್ ತಿರುವುಗಳು. ನಮ್ಮದು ಸೆಕೆಂಡ್‌ಹ್ಯಾಂಡ್ ಸ್ಟೇಷನ್ ವ್ಯಾಗನ್, ಹಿಂದೆ ಮನೆಮಂದಿಯ ಸಾಮಾನೆಲ್ಲ ಹಿಡಿಸುವ ಉದ್ದ ಕಾರು. ಅರ್ಧ ದಾರಿಯಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆಗೆ ಬಂತು. ನಿಲ್ಲಿಸಿ ಬಾನೆಟ್ ಎತ್ತಿದೆ. ಮೊಮ್ಮಗ ರೇಡಿಯೇಟರ್ ಮುಚ್ಚಳಕ್ಕೆ ಕೈ ಚಾಚಿದ. "ಬೇಡ ಪುಟ್ಟಾ!" ಎಂದು ಹಿಡಿದೆಳೆದೆ.

ಮಕ್ಕಳೇ, ಅದು ಅಜ್ಜಿಯ ಕುಕ್ಕರಿನ ಹಾಗೆ. ಒತ್ತಡವಿರುವುದರಿಂದ ಒಳಗಿನ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮುಚ್ಚಳ ತೆಗೆದರೆ ಮುಖಕ್ಕೇ ಚಿಮ್ಮುತ್ತದೆ. ಮುಕ್ಕಾಲು ಗಂಟೆ ಕಾದೆವು. ಕೋತಿಗಳು ನಮ್ಮ ಬಾಳೆಹಣ್ಣಿನ ಲೆಕ್ಕ ನೋಡಿದವು!

ಸೋರುತ್ತಿದ್ದ ಹೋಸಿನ ಕ್ಲಿಪ್ ಬಿಗಿಮಾಡಿ, ನೀರು ತುಂಬಿಸಿ, ನಿಧಾನವಾಗಿ ಹತ್ತಿದೆವು. ಮರುದಿನ ತೀರ್ಥಹಳ್ಳಿಯಲ್ಲಿ ಹೊಸ ಹೋಸಿಗೆ, ಕೂಲಿ ಸೇರಿ, 650 ರೂಪಾಯಿ. ಕಾಯದೆ ಓಡಿಸಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ಸಾವಿರಗಟ್ಟಲೆ ಕೈಬಿಡುತ್ತಿತ್ತು. ಸೂರ್ಯಾಸ್ತ ಮಾತ್ರ ಅಂದು ತಪ್ಪಿಹೋಯಿತು.